ಒಂದು ಮೊಳದ ಕೆಳಗಿನ ಮನೆ

ನಮ್ಮ ಮನೆಯ ಸಾಮಾನೆಲ್ಲ ಈಗ ನೆಲ ಬಿಟ್ಟು ಒಂದು ಮೊಳ ಮೇಲಕ್ಕೆ ಹೋಗಿದೆ. ಅಡುಗೆಮನೆಯ ಮೂಲೆಯಲ್ಲಿ ವರ್ಷಗಟ್ಟಲೆ ಕದಲದೆ ಇದ್ದ ಈರುಳ್ಳಿ ಬುಟ್ಟಿ ಫ್ರಿಜ್ಜಿನ ಮೇಲೇರಿದೆ. ಪೊರಕೆ ಬಾಗಿಲ ಹಿಂದಿನ ಮೊಳೆಗೆ ತೂಗುಬಿದ್ದಿದೆ. ಚಪ್ಪಲಿಗಳು ಕಿಟಕಿಯ ಕಟ್ಟೆ ಸೇರಿವೆ. ಬೆಳಗಿನ ಪೇಪರು, ಮಗಳ ಕಾಲೇಜಿನ ಬ್ಯಾಗು, ಚಾರ್ಜರಿನ ವೈರು, ಅತ್ತೆಯವರ ಹೂಬತ್ತಿಯ ಡಬ್ಬಿ, ಕೊನೆಗೆ ಕಾಲೊರಸು ಕೂಡ ಎತ್ತರದ ಜಾಗ ಹುಡುಕಿಕೊಂಡಿದೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳದೆ ಹಾಲಿನಲ್ಲಿ ಹೆಜ್ಜೆ ಇಡುವ ಹಾಗಿಲ್ಲ. ಆದರೂ ಏನಾದರೂ ಬೇಕಾದಾಗ ಕೈ ಹಳೆಯ ಅಭ್ಯಾಸದಿಂದ ಕೆಳಗೇ ಹೋಗುತ್ತದೆ. ಅಲ್ಲಿ ಸಿಗುವುದು ಬರಿಯ ನೆಲ; ಆ ನೆಲದ ಮೇಲೆ, ಈಗ ಏನು ಕೊಡುತ್ತೀಯ ಎಂದು ನನ್ನನ್ನೇ ನೋಡುತ್ತ ನಿಂತ ಒಂದು ಕಪ್ಪು ಮರಿ.

ಇದು ಬರುವ ಮೊದಲು ನಮ್ಮ ಮನೆಯಲ್ಲಿ ನೆಲಕ್ಕೆ ಇಷ್ಟೊಂದು ಕೆಲಸವಿತ್ತೆಂದು ನಾನು ಗಮನಿಸಿರಲಿಲ್ಲ. ಮೈಸೂರಿನ ಈ ಮನೆಯಲ್ಲಿ ಸೋಫಾ ಇದೆ, ಊಟದ ಮೇಜಿದೆ, ಮಂಚಗಳಿವೆ. ಹಾಗಿದ್ದೂ ಸೊಪ್ಪು ಬಿಡಿಸುವುದು ನೆಲದ ಮೇಲೆ, ಬಟ್ಟೆ ಮಡಿಸುವುದು ನೆಲದ ಮೇಲೆ. ಮದ್ದೂರಿನ ಹತ್ತಿರದ ನನ್ನ ಅಜ್ಜಿಯ ಮನೆಯಲ್ಲಂತೂ ಬದುಕೆಲ್ಲ ನೆಲದ್ದೇ. ಈಳಿಗೆಮಣೆ ನೆಲದ ಮೇಲೆ, ರಾಗಿ ಕಲ್ಲು ನೆಲದ ಮೇಲೆ, ಊಟ, ನಿದ್ದೆ, ಪಗಡೆ, ಪಾಠ ಎಲ್ಲವೂ ನೆಲದ ಮೇಲೆ. ಬಾಣಂತಿಯ ಕೂಸಿಗೆ ಎಣ್ಣೆ ಹಚ್ಚುವ ಮುದುಕಿ ಬಚ್ಚಲಲ್ಲಿ ಎರಡೂ ಕಾಲು ನೀಡಿ ಕೂತು, ತನ್ನ ಕಾಲ ಮೇಲೇ ಕೂಸನ್ನು ಮಲಗಿಸಿಕೊಂಡು ನೀರು ಹುಯ್ಯುತ್ತಿದ್ದಳು. ನಾಯಿಗೂ ನೆಲವೇ, ಮನುಷ್ಯರಿಗೂ ನೆಲವೇ. ನಡುವೆ ಇದ್ದದ್ದು ಒಂದು ಹೊಸಿಲು.

ಆ ಮನೆಯ ನಾಯಿ ಹೊಸಿಲು ದಾಟಿದ್ದನ್ನು ನಾನು ನೋಡಿಲ್ಲ. ಜಗಲಿಯ ಅಂಚು, ಕೊಟ್ಟಿಗೆಯ ಬಾಗಿಲು, ಹುಲ್ಲಿನ ಮೆದೆಯ ಬುಡ ಅದರ ಜಾಗಗಳು. ಹಿತ್ತಲ ಬಾಗಿಲ ಪಕ್ಕ ಒಂದು ಗುಳಿಗಲ್ಲಿತ್ತು. ರಾತ್ರಿ ಉಣ್ಣುವ ಮೊದಲು ತಾತ ತನ್ನ ಮುದ್ದೆಯಿಂದ ಒಂದು ಹಿಡಿ ಮುರಿದು, ಮೇಲೆ ಒಂದಿಷ್ಟು ಸಾರು ಸುರಿದು ಆ ಗುಳಿಗಲ್ಲಿಗೆ ಹಾಕಿಸುತ್ತಿದ್ದರು. ತಾವು ಉಂಡು ಉಳಿದದ್ದನ್ನಲ್ಲ, ಉಣ್ಣುವ ಮೊದಲೇ ಮುರಿದದ್ದನ್ನು. ನಾಯಿಯ ತಲೆ ನೇವರಿಸಿದವರಲ್ಲ ಅವರು, ಅದರ ಜೊತೆ ಮಾತಾಡಿದವರೂ ಅಲ್ಲ. ಆದರೆ ಆ ಹಿಡಿ ಮುದ್ದೆ ಒಂದು ರಾತ್ರಿಯೂ ತಪ್ಪಿದ್ದಿಲ್ಲ. ಪ್ರೀತಿಯನ್ನು ತಪ್ಪದೆ ನಡೆಸುವುದು ಏನೆಂದು ನಾನು ಮೊದಲು ಕಂಡದ್ದು ಆ ಗುಳಿಗಲ್ಲಿನ ಹತ್ತಿರ.

ನಮ್ಮ ಮರಿ ಬಂದದ್ದು ಬೀದಿಯ ಕೊನೆಯ ಸೈಟಿನಿಂದ. ಅಲ್ಲಿ ಯಾರದೋ ಹೊಸ ಮನೆ ಏಳುತ್ತಿತ್ತು. ಯಾದಗಿರಿ ಕಡೆಯ ಒಂದು ಕುಟುಂಬ ತಗಡಿನ ಶೆಡ್ಡು ಹಾಕಿಕೊಂಡು ಕಾವಲಿಗಿತ್ತು. ಬೀದಿನಾಯಿಗಳ ಸಂಸಾರ ಬಹುಮಟ್ಟಿಗೆ ಪಂಚಾಂಗ ಹಿಡಿದೇ ನಡೆಯುತ್ತದೆ. ಕಾರ್ತಿಕದ ಆಸುಪಾಸಿನಲ್ಲಿ ಕೂಡುತ್ತವೆ. ಸುಮಾರು 63 ದಿನ ಕಳೆದು, ಪುಷ್ಯದ ಕೊರೆಯುವ ಚಳಿ ಬರುವ ಹೊತ್ತಿಗೆ ಮರಿ ಹಾಕುತ್ತವೆ. ಇಡೀ ವರ್ಷದಲ್ಲಿ ಹಸುಗೂಸಿಗೆ ಅತಿ ಕಷ್ಟದ ಕಾಲ ಅದು. ಈ ತಾಯಿ ಮರಳ ಗುಡ್ಡೆಯ ಬುಡದಲ್ಲಿ, ಖಾಲಿ ಸಿಮೆಂಟ್ ಚೀಲಗಳ ಮರೆಯಲ್ಲಿ ಈದಿತ್ತು. ಕಾವಲಿನವನ ಹೆಂಡತಿ ಅದಕ್ಕೊಂದು ಗೋಣಿಚೀಲ ಹಾಸಿ, ದಿನಾ ಬೆಳಗ್ಗೆ ಜೋಳದ ರೊಟ್ಟಿಯ ಚೂರುಗಳನ್ನು ಬೇಳೆ ಕಟ್ಟಿನಲ್ಲಿ ನೆನೆಸಿ ಇಡುತ್ತಿದ್ದಳು.

ಗಂಡು ಮರಿಗಳು ಬಹಳ ಬೇಗ ಖಾಲಿಯಾದವು. ಅಂಗಡಿಯವನೊಬ್ಬ, ಶಾಲೆಗೆ ಹೋಗುವ ಹುಡುಗರಿಬ್ಬರು ಬಂದು ಬಾಲ ಎತ್ತಿ ನೋಡಿ, ಗಂಡನ್ನು ಆರಿಸಿ ಒಯ್ದರು. ಉಳಿದದ್ದು ಎರಡು ಹೆಣ್ಣು. ದಿನಾ ಹಾಲಿಗೆ ಹೋಗುವಾಗ ಅಲ್ಲಿ ನಿಂತು ನೋಡುತ್ತಿದ್ದ ನನ್ನನ್ನು ಆಕೆ ಒಂದು ದಿನ ತಾನೇ ಕೇಳಿದಳು: "ನೀವರೆ ಒಂದ್ ತೊಗೊಂಡ್ ಹೋಗ್ರಿ ಅಕ್ಕಾರ. ಹೆಣ್ಣ್ ಮರಿ ಅಂತ ಯಾರೂ ಒಯ್ಯವಲ್ರು." ಆ ಮಾತು ನನ್ನೊಳಗೆ ಚುಚ್ಚಿಕೊಂಡಿತು. ಹಾಲು ತಂದು ಒಲೆಯ ಮೇಲಿಟ್ಟರೂ ಅದೇ ಮಾತು, ಉಕ್ಕಿ ಬಂದಾಗಲೂ ಅದೇ ಮಾತು. ಸಂಜೆ ಇವರನ್ನೂ ಮಗಳನ್ನೂ ಕರೆದುಕೊಂಡು ಹೋದೆ. ಆಕೆ ಮರಿಯನ್ನು ಎತ್ತಿ ತೋರಿಸಿದಳು, ಆದರೆ ಕೊಡಲಿಲ್ಲ. "ಇನ್ನೂ ಅವ್ವನ ಹಾಲ್ ಕುಡೀತೈತ್ರಿ. ಬಾಯಿಗೆ ಬುದ್ಧಿ ಬರಬೇಕು. ಇನ್ನ ಎರಡ್ ವಾರ ಬಿಡ್ರಿ."

ಬಾಯಿಗೆ ಬುದ್ಧಿ ಎಂದರೇನು ಎಂಬುದು ಆಮೇಲೆ ಆ ಮರಳ ಗುಡ್ಡೆಯ ಪಕ್ಕ ನಿಂತೇ ತಿಳಿಯಿತು. ಎರಡೂ ಮರಿ ಒಂದರ ಕಿವಿ ಒಂದು ಹಿಡಿದು ಎಳೆದಾಡುತ್ತಿದ್ದವು. ಹಲ್ಲು ಜೋರಾಗಿ ತಾಗಿದ ಕೂಡಲೇ ಕಚ್ಚಿಸಿಕೊಂಡದ್ದು ಕುಯ್ಯೆಂದು ಕೂಗಿ ಆಟ ಬಿಟ್ಟು ದೂರ ಹೋಗಿ ಕೂತುಬಿಡುತ್ತಿತ್ತು. ಕಚ್ಚಿದ್ದು ತಬ್ಬಿಬ್ಬಾಗಿ ನಿಲ್ಲುತ್ತಿತ್ತು. ಇಷ್ಟು ಒತ್ತಿದರೆ ನೋವು, ಇಷ್ಟಾದರೆ ಆಟ ಎಂಬ ಲೆಕ್ಕವನ್ನು ಮರಿ ಕಲಿಯುವುದು ಒಡಹುಟ್ಟಿದವುಗಳಿಂದ. ಎಂಟು ವಾರ ತುಂಬದೆ ಮರಿಯನ್ನು ತಾಯಿಯಿಂದ ಬಿಡಿಸಬಾರದೆಂದು ಪಶುವೈದ್ಯರು ಆಮೇಲೆ ಹೇಳಿದ್ದನ್ನೇ ಈಕೆ ಯಾವ ಪುಸ್ತಕವನ್ನೂ ನೋಡದೆ ಹೇಳಿದ್ದಳು. ಯಾರದೋ ಮನೆಗೆ ಕಾವಲಿದ್ದು, ತಗಡಿನಡಿ ಬದುಕುತ್ತ, ಬೀದಿನಾಯಿಯ ಮರಿಗೆ ತಾಯಿಹಾಲು ಪೂರ್ತಿ ಸಿಗಲಿ ಎಂದು ಹಟ ಹಿಡಿದ ಆ ಹೆಣ್ಣುಮಗಳ ಮೇಲೆ ನನಗಿರುವ ಗೌರವ ದೊಡ್ಡದು. ಇನ್ನೊಂದು ಹೆಣ್ಣು ಮರಿಯನ್ನು ಆಕೆ ತಾನೇ ಇಟ್ಟುಕೊಂಡಳು.

ಮರಿ ಮನೆಗೆ ಬಂದ ರಾತ್ರಿ ಯಾರಿಗೂ ನಿದ್ದೆಯಿಲ್ಲ. ಹಗಲೆಲ್ಲ ಮೂಲೆಮೂಲೆ ಮೂಸಿ, ಮಗಳ ಮಡಿಲಲ್ಲಿ ಮಲಗಿ ಎದ್ದು ಚೆನ್ನಾಗಿಯೇ ಇತ್ತು. ದೀಪ ಆರಿಸಿದ್ದೇ ತಡ, ಅಳು ಶುರು. ಅದು ಬೊಗಳಿಕೆಯಲ್ಲ, ಕುಂಯ್‌ಗುಡುವುದೂ ಅಲ್ಲ. ತೆಳ್ಳಗೆ, ಉದ್ದಕ್ಕೆ, ಮತ್ತೆ ಮತ್ತೆ ಕತ್ತು ಮೇಲೆತ್ತಿ ಕರೆಯುವ ದನಿ. ಹುಟ್ಟಿದಂದಿನಿಂದ ಒಂದು ರಾತ್ರಿಯೂ ಒಂಟಿಯಾಗಿ ಮಲಗದ ಜೀವ. ಕಣ್ಣು ಬಿಡುವ ಮೊದಲೇ, ಕಿವಿ ತೆರೆಯುವ ಮೊದಲೇ ಅದಕ್ಕೆ ಗೊತ್ತಿದ್ದದ್ದು ತಾಯಿಯ ಮೈಯ ಬಿಸಿ ಮತ್ತು ವಾಸನೆ. ಈಗ ಎರಡೂ ಇಲ್ಲ. ಮಗಳು ತನ್ನ ಹಳೆಯ ಶಾಲು ಹೊದಿಸಿದಳು. ಇವರು ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಪಕ್ಕದಲ್ಲಿಟ್ಟರು. ಅಳು ನಿಲ್ಲಲಿಲ್ಲ.

ಅತ್ತೆಯವರು ತಮ್ಮ ಕೋಣೆಯಿಂದ ಎದ್ದು ಬಂದು ಬಾಗಿಲಲ್ಲೇ ನಿಂತು ಕೇಳಿದರು: "ತಾಯಿ ಮಲಗ್ತಿದ್ದ ಗೋಣಿ ತಂದ್ರಾ?"

ಇಲ್ಲ ಎಂದೆವು.

"ಕರು ಬಿಡಿಸ್ಬೇಕಾದ್ರೆ ಮೊದ್ಲು ಅದನ್ನೇ ಮಾಡ್ತಿದ್ವಿ. ಹಸು ಮಲಗಿದ್ದ ಹುಲ್ಲು ತಂದು ಹಾಸ್ತಿದ್ವಿ. ಹೋಗಿ ತನ್ನಿ."

ಬೆಳಗಾಗುವುದನ್ನು ಕಾಯದೆ ಇವರು ಟಾರ್ಚು ಹಿಡಿದು ಹೊರಟರು. ಕಾವಲಿನವನು ಎದ್ದು ಬಂದು, ಇವರ ಮಾತು ಕೇಳಿ, ಮರುಮಾತಾಡದೆ ಗೋಣಿಯನ್ನು ಅರ್ಧ ಕೊಯ್ದು ಕೊಟ್ಟನಂತೆ. ಮರಳು, ಸಿಮೆಂಟಿನ ಪುಡಿ, ಹಾಲು, ನಾಯಿಮೈಯ ಘಾಟು ಎಲ್ಲ ಸೇರಿದ ಆ ಗೋಣಿ ನಮ್ಮ ತೊಳೆದ ನೆಲದ ಮೇಲೆ ಬಂದು ಬಿತ್ತು. ಮರಿ ಅದನ್ನು ಮೂಸಿತು, ಸುತ್ತ ತಿರುಗಿತು, ನಡುವೆ ಮುದುರಿ ಮಲಗಿತು. ಆ ಗೋಣಿಯನ್ನು ಬಹಳ ದಿನ ನಾವು ಒಗೆಯಲಿಲ್ಲ. ಬಂದ ನೆಂಟರು ಮೂಗು ಮುಚ್ಚಿಕೊಂಡರೂ ಒಗೆಯಲಿಲ್ಲ.

ಆ ರಾತ್ರಿಯಿಂದಲೇ ಇರಬೇಕು, ಮನೆಯ ಜನ ಒಬ್ಬೊಬ್ಬರಾಗಿ ನೆಲಕ್ಕೆ ಇಳಿಯತೊಡಗಿದ್ದು. ಮಗಳು ಹಾಸಿಗೆಯನ್ನು ಹಾಲಿಗೆ ತಂದು ಮರಿಯ ಪಕ್ಕ ಹಾಸಿಕೊಂಡಳು. ಮಂಡಿನೋವೆಂದು ವರ್ಷಗಳಿಂದ ಕುರ್ಚಿ ಬಿಟ್ಟು ಕೂರದಿದ್ದ ಇವರು ಗೋಡೆಗೆ ಒರಗಿ ಕಾಲು ನೀಡಿ ಪೇಪರ್ ಓದುತ್ತಾರೆ. ಮರಿ ಅವರ ಪಾದದ ಮೇಲೆ ಗದ್ದವಿಟ್ಟು ಮಲಗಿರುತ್ತದೆ. ನಾಯಿಮರಿ ದಿನದ ಹದಿನೆಂಟು ಇಪ್ಪತ್ತು ಗಂಟೆ ನಿದ್ದೆ ಮಾಡುತ್ತದೆ. ಅದು ಮಲಗಿದೆಯೆಂದು ಟಿ.ವಿ. ದನಿ ತಗ್ಗುತ್ತದೆ, ಟಿ.ವಿ. ದನಿ ತಗ್ಗಿದ್ದರಿಂದ ಮಾತು ಬೆಳೆಯುತ್ತದೆ. ಮಗಳು ತನ್ನ ಕಾಲೇಜಿನ ಗೆಳತಿಯರ ಹೆಸರುಗಳನ್ನು ಅಪ್ಪನಿಗೆ ಹೇಳಿದ್ದು ಹಾಗೆ ನೆಲದಲ್ಲಿ ಕೂತು. ಸಾಮಾನುಗಳು ಮೇಲೆ ಹತ್ತಿದವು, ನಾವು ಕೆಳಗೆ ಬಂದೆವು. ನನಗೆ ಇದು ಲಾಭವೆಂದೇ ತೋರುತ್ತದೆ.

ಹೆಸರಿನ ವಿಷಯಕ್ಕೆ ಮನೆಯಲ್ಲಿ ಒಳ್ಳೆಯ ಚರ್ಚೆಯೇ ನಡೆಯಿತು. ತೇಜಸ್ವಿಯವರ 'ಕರ್ವಾಲೊ' ಓದಿ ಬೆಳೆದ ಇವರಿಗೆ 'ಕಿವಿ' ಎಂದಿಡುವ ಆಸೆ. ಮಗಳು '777 ಚಾರ್ಲಿ' ಸಿನಿಮಾ ನೋಡಿ ಅತ್ತವಳು. ಅವಳ ಪಟ್ಟಿ ಬೇರೆ. ನಮ್ಮೂರ ಕಡೆ ನಾಯಿಗೆ ಹೆಸರು ಹುಡುಕುವ ಕಷ್ಟವೇ ಇರಲಿಲ್ಲ. ಮೈಬಣ್ಣ ನೋಡಿ ಕರಿಯ, ಕೆಂಚ, ಬಿಳಿಯ ಎಂದು ಕೂಗಿದರೆ ಆಯಿತು. ನಾನು 'ಕಾಳಿ' ಎಂದೆ. ಅತ್ತೆಯವರಿಗೆ ಅದು ಒಪ್ಪಿಗೆಯಾಗಲಿಲ್ಲ. "ದೇವಿ ಹೆಸ್ರು ಕಣಮ್ಮ ಅದು. ಬೀದೀಲಿ ನಿಂತು ಕೂಗೋಕಾಗತ್ತಾ?"

ಆಗ ನಾನು ಅವರಿಗೆ ನಮ್ಮ ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲಿನ ಕಥೆ ಹೇಳಿದೆ. ಕ್ರಿ.ಶ. 949-50ರ ಶಾಸನ ಅದು. ರಾಷ್ಟ್ರಕೂಟರ ಮೂರನೆಯ ಕೃಷ್ಣನೂ ಗಂಗರ ಬೂತುಗನೂ ತಕ್ಕೋಲದಲ್ಲಿ ಚೋಳ ರಾಜಾದಿತ್ಯನನ್ನು ಸೋಲಿಸಿದ ಕಾಲ. ಆ ಯುದ್ಧದಲ್ಲಿ ಹೆಸರು ಮಾಡಿದ ಮಣಲೇರ ಎಂಬ ವೀರನಿಗೆ ಒಡೆಯ ಮೆಚ್ಚಿ ಬೇಕಾದ್ದನ್ನು ಕೇಳು ಎಂದಾಗ ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿ ಒಂದು ದೊಡ್ಡ ಕಾಡುಹಂದಿಯ ಜೊತೆ ಹೋರಾಡಿತು. ಹಂದಿಯೂ ಸತ್ತಿತು, ಕಾಳಿಯೂ ಸತ್ತಿತು. ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಅದಕ್ಕೆ ಕಲ್ಲು ನಿಲ್ಲಿಸಿ, ಭೂಮಿ ದತ್ತಿ ಬಿಟ್ಟರು. ನಾಯಿಯೂ ಹಂದಿಯೂ ಸೆಣಸುವ ಚಿತ್ರ ಅದರ ಮೇಲಿದೆ. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನನ್ನ ಮನಸ್ಸಿನಲ್ಲಿ ಉಳಿದದ್ದು ಯುದ್ಧದ ಸಾಲುಗಳಲ್ಲ, ಕೊನೆಯಲ್ಲಿ ಬರುವ ಒಂದು ಷರತ್ತು. ಆ ಭೂಮಿಯನ್ನು ನೋಡಿಕೊಳ್ಳುವ ಗೊರವ ಈ ಕಲ್ಲಿಗೆ ಪೂಜೆ ಮಾಡದೆ ಉಂಡರೆ ನಾಯಿ ಮಾಡಿದ ಪಾಪ ಅವನಿಗೆ ತಗಲುತ್ತದೆ ಎಂದಿದೆ. ಮೊದಲು ನಾಯಿಗೆ, ಆಮೇಲೆ ಊಟ. ನಮ್ಮ ತಾತ ಆ ಶಾಸನ ಕಂಡವರಲ್ಲ, ಅದರ ಸುದ್ದಿ ಕೇಳಿದವರೂ ಅಲ್ಲ. ಅವರ ಊರು ಮಾತ್ರ ಅದೇ ಸೀಮೆಯದು.

ಅತ್ತೆ ಕಥೆಯನ್ನು ಪೂರ್ತಿ ಕೇಳಿ, "ಹಾಗಿದ್ರೆ ಇಟ್ಕೊಳ್ಳಿ" ಎಂದರು.

ಅದಾದ ಕೆಲವು ದಿನಗಳಲ್ಲಿ ಒಂದು ಭಾನುವಾರ ಬೀದಿಯಲ್ಲಿ ಡಮರುಗದ ಸದ್ದಾಯಿತು. ಕರಡಿಕೂದಲಿನ ಟೋಪಿ, ಕಂಬಳಿಯ ಅಂಗಿ ತೊಟ್ಟ ಗೊರವಯ್ಯ. ಕಾಳಿ ಅಂಥ ರೂಪವನ್ನು ಎಂದೂ ಕಂಡಿರಲಿಲ್ಲ. ಗೇಟಿನ ಸಂದಿಗೆ ಮೂತಿ ತೂರಿ ಬೊಗಳಿಯೇ ಬೊಗಳಿತು. ಅದರ ಮೊದಲ ದೊಡ್ಡ ಬೊಗಳಿಕೆ ಅದು. ಗೊರವಯ್ಯ ಕುಕ್ಕರುಗಾಲಲ್ಲಿ ಕೂತು ತಾನೂ ಎರಡು ಸಲ ಬೊಗಳಿದ. ಕಾಳಿ ಸುಮ್ಮನಾಗಿ ತಲೆ ಓರೆ ಮಾಡಿತು. "ನಾವೂ ಮೈಲಾರಪ್ಪನ ನಾಯಿಗಳೇ ಕಣವ್ವ" ಎಂದ. ಅದು ಬರಿಯ ಮಾತಲ್ಲ. ಮೈಲಾರಲಿಂಗನ ಗೊರವರು ದೋಣಿಸೇವೆಯ ದಿನ ಮರದ ದೋಣಿಯಲ್ಲಿ ಹಾಲು, ತುಪ್ಪ, ಬಾಳೆಹಣ್ಣು ತುಂಬಿಸಿ, ಬೊಗಳುತ್ತ, ನೆಲಕ್ಕೆ ಬಾಗಿ ಬಾಯಿ ಹಾಕಿ ತಿನ್ನುತ್ತಾರೆ. ದೇವರ ಹತ್ತಿರ ನಾಯಾಗಿ ನಿಲ್ಲುವುದು ಅವರಿಗೆ ಹೆಮ್ಮೆ. ಅವನು ಚೀಲದಿಂದ ಒಂದು ಚಿಟಿಕೆ ಭಂಡಾರ ತೆಗೆದು ಮೊದಲು ಮರಿಯ ಹಣೆಗೆ, ಆಮೇಲೆ ನನ್ನ ಕೈಗೆ ಕೊಟ್ಟ. ಕಪ್ಪು ಹಣೆಯ ಮೇಲಿನ ಆ ಅರಿಸಿನ ಸಂಜೆಯವರೆಗೂ ಹಾಗೇ ಇತ್ತು.

ಅತ್ತೆಯವರ ಬಗ್ಗೆ ಇನ್ನೂ ಸ್ವಲ್ಪ ಹೇಳಬೇಕು. ಅವರು ಕಾಳಿಯನ್ನು ಎತ್ತಿಕೊಂಡದ್ದಿಲ್ಲ, ಮುದ್ದು ಮಾಡಿದ್ದಿಲ್ಲ. ಇಂದಿಗೂ ಮಾಡುವುದಿಲ್ಲ. ಅಡುಗೆಮನೆಗೂ ದೇವರಮನೆಗೂ ಅದು ಬರಬಾರದೆಂದು ಮೊದಲ ದಿನವೇ ಹೇಳಿದರು. ಅದು ಹೊಸಿಲ ಹತ್ತಿರ ಬಂದಾಗಲೆಲ್ಲ ದನಿ ಏರಿಸದೆ "ಆಚೆ" ಎನ್ನುತ್ತಾರೆ. ಪ್ರತಿ ಸಲವೂ ಅದೇ ಮಾತು, ಅದೇ ದನಿ, ಅದೇ ಗೆರೆ. ನಾವು ಮೂವರು ಒಮ್ಮೆ ಬಾ ಎಂದು, ಒಮ್ಮೆ ಹೋಗು ಎಂದು ಹತ್ತು ಬಗೆಯಲ್ಲಿ ಮಾತಾಡುತ್ತೇವೆ. ಅದು ನಮ್ಮ ಜೊತೆ ಆಡುತ್ತದೆ, ಕೇಳುವುದು ಅತ್ತೆಯವರ ಮಾತನ್ನು. ಅವರು ಪೂಜೆಗೆ ಕೂತಾಗ ದೇವರಮನೆಯ ಹೊಸಿಲಿನ ಈಚೆ ಮುಂಗಾಲು ಚಾಚಿ ಮಲಗಿರುತ್ತದೆ. ಗಂಟೆಯ ಸದ್ದಿಗೆ ಕಿವಿಯೆತ್ತುತ್ತದೆ, ಆದರೆ ಗೆರೆ ದಾಟುವುದಿಲ್ಲ. ಮರಿಗೆ ಬೇಕಾದದ್ದು ಇಂಥ ಒಂದು ನಿಶ್ಚಯ ಎಂದು ನನಗೆ ಈಗ ಅನ್ನಿಸುತ್ತದೆ. ಎಲ್ಲಿ ನಿಲ್ಲಬೇಕೆಂದು ಗೊತ್ತಾದ ಮೇಲೆ ಅದರ ಮೈಯ ಗಾಬರಿ ಇಳಿಯಿತು.

ಆಹಾರದ ವಿಷಯದಲ್ಲಿ ಮಾತ್ರ ಅತ್ತೆಗೂ ಪಶುವೈದ್ಯರಿಗೂ ಒಮ್ಮತವಾಗಲು ಸ್ವಲ್ಪ ಕಾಲ ಹಿಡಿಯಿತು. ಹಸುವಿನ ಹಾಲು ಬಹಳ ಮರಿಗಳಿಗೆ ಅರಗುವುದಿಲ್ಲ, ಭೇದಿಯಾಗುತ್ತದೆ, ಬೇಡ ಎಂದರು ವೈದ್ಯರು. ಹಾಲಿಲ್ಲದೆ ಕೂಸು ಸಾಕುವುದು ಹೇಗೆ ಎಂದು ಅತ್ತೆ. ಮೊಸರಾದರೆ ಆಗಬಹುದು ಎಂಬಲ್ಲಿಗೆ ಇಬ್ಬರೂ ಬಂದರು. ಮೆತ್ತಗೆ ಬೆಂದ ಅನ್ನಕ್ಕೆ ಮೊಸರು, ತೆಳ್ಳಗಿನ ರಾಗಿ ಅಂಬಲಿ, ಜೊತೆಗೆ ವೈದ್ಯರು ಹೇಳಿದ ಮರಿಗಳ ಆಹಾರ. ಈರುಳ್ಳಿ, ದ್ರಾಕ್ಷಿ, ಚಾಕೊಲೇಟು ನಾಯಿಗೆ ವಿಷ ಎಂದು ತಿಳಿದದ್ದೂ ಅಲ್ಲೇ. ಈರುಳ್ಳಿ ಬುಟ್ಟಿ ಫ್ರಿಜ್ಜಿನ ಮೇಲೆ ಹೋದದ್ದು ಅದಕ್ಕೆ. ಪಾರ್ವೊ ಎಂಬ ರೋಗ ಬೀದಿಯ ಮರಿಗಳನ್ನು ಹೇಗೆ ವಾಂತಿಭೇದಿಯಲ್ಲಿ ಕೊಂಡೊಯ್ಯುತ್ತದೆಂದು ವೈದ್ಯರು ವಿವರಿಸಿದರು. ಲಸಿಕೆಗಳೆಲ್ಲ ಮುಗಿಯುವವರೆಗೆ ಬೀದಿಯ ಮಣ್ಣಿಗೆ ಬಿಡಬಾರದು. ಮೂರು ತಿಂಗಳಿಗೆ ರೇಬೀಸ್ ಲಸಿಕೆ. ಜಂತಿನ ಔಷಧಿಯನ್ನು ತಪ್ಪಿಸುವ ಹಾಗಿಲ್ಲ. ಈ ತಾರೀಕುಗಳೆಲ್ಲ ನಮ್ಮ ಗೋಡೆಯ ಕ್ಯಾಲೆಂಡರಿನಲ್ಲಿ ಏಕಾದಶಿ, ಸಂಕಷ್ಟಿಗಳ ಪಕ್ಕದಲ್ಲೇ ಬರೆದಿವೆ.

ಒಂದು ಬೆಳಗ್ಗೆ ಗುಡಿಸುವಾಗ ಕಸದಲ್ಲಿ ಅಕ್ಕಿಕಾಳಿನಷ್ಟು ಬೆಳ್ಳಗಿನದೇನೋ ಸಿಕ್ಕಿತು. ಎತ್ತಿ ನೋಡಿದರೆ ಹಲ್ಲು. ನಾಯಿಮರಿಗೂ ಹಾಲುಹಲ್ಲುಗಳಿರುತ್ತವೆ, 28. ನಾಲ್ಕನೆಯ ತಿಂಗಳ ಹೊತ್ತಿಗೆ ಅವು ಒಂದೊಂದೇ ಉದುರಿ, 42 ಗಟ್ಟಿ ಹಲ್ಲುಗಳು ಬರುತ್ತವೆ. ಬಹಳ ಹಲ್ಲುಗಳನ್ನು ಅವು ಊಟದ ಜೊತೆ ನುಂಗಿಬಿಡುತ್ತವೆಯಾದ್ದರಿಂದ ಹೀಗೆ ಕೈಗೆ ಸಿಗುವುದು ಅಪರೂಪ. ಆ ದಿನಗಳಲ್ಲಿ ಅದರ ವಸಡು ಕಾದಿರುತ್ತದೆ, ಕಂಡದ್ದನ್ನೆಲ್ಲ ಕಡಿಯಬೇಕೆನಿಸುತ್ತದೆ. ಮೇಜಿನ ಕಾಲು, ಚಾಪೆಯ ಅಂಚು, ನನ್ನ ಹಿಮ್ಮಡಿ ಯಾವುದೂ ಬಿಡುತ್ತಿರಲಿಲ್ಲ. ನೆನೆಸಿ ಹುರಿಮಾಡಿದ ಹಳೆಯ ಟವೆಲನ್ನು ಫ್ರಿಜ್ಜಿನಲ್ಲಿಟ್ಟು ತಣ್ಣಗೆ ಕೊಟ್ಟರೆ ಅದಕ್ಕೆ ಹಿತ. ನನ್ನ ಕೈಯಲ್ಲಿದ್ದ ಹಲ್ಲನ್ನು ಅತ್ತೆಯವರು ಇಸಿದುಕೊಂಡರು. ನಮ್ಮ ಹಾಲುಹಲ್ಲು ಬಿದ್ದಾಗ ಸಗಣಿಯ ಉಂಡೆಯೊಳಗಿಟ್ಟು ಹೆಂಚಿನ ಮೇಲೆ ಎಸೆಯುತ್ತಿದ್ದೆವಲ್ಲ, ಹಾಗೇ ಆಗಬೇಕೆಂದರು. ಹಾಲಿನವರ ಕೊಟ್ಟಿಗೆಯಿಂದ ಮಗಳು ಸಗಣಿ ತಂದಳು. ನಮ್ಮದು ತಾರಸಿ ಮನೆ. ಪಕ್ಕದ ಹಳೆಯ ಮನೆಗೆ ಹೆಂಚಿದೆ. ಆ ಮನೆಯ ಹಿರಿಯರು ನಗುತ್ತ ಒಪ್ಪಿಗೆ ಕೊಟ್ಟರು. ನಮ್ಮ ಮಗಳ ಹಾಲುಹಲ್ಲುಗಳೂ ಅದೇ ಹೆಂಚಿನ ಮೇಲೆ ಹೋಗಿದ್ದವು.

ಬೇಸಿಗೆಯಲ್ಲಿ ಬೀದಿ ಕೊನೆಯ ಮನೆ ಮುಗಿಯಿತು. ಗೃಹಪ್ರವೇಶದ ಹಿಂದಿನ ದಿನ ತಗಡಿನ ಶೆಡ್ಡು ಬಿಚ್ಚಿದರು. ನಾನು ಕಾಳಿಯನ್ನು ಬೆಲ್ಟು ಹಾಕಿ ಕರೆದುಕೊಂಡು ಹೋದೆ. ತಾಯಿನಾಯಿ ಅದನ್ನು ಮೂತಿಯಿಂದ ಬಾಲದವರೆಗೆ ಮೂಸಿತು, ಕಾಳಿ ಅದರ ಬಾಯಿ ನೆಕ್ಕಿತು, ಆಮೇಲೆ ಎರಡೂ ತಮ್ಮ ತಮ್ಮ ಪಾಡಿಗೆ ಬಿಸಿಲಲ್ಲಿ ಮಲಗಿದವು. ಕಾವಲಿನವರ ಪಾತ್ರೆ, ಟ್ರಂಕು, ಹಾಸಿಗೆಯ ಸುರುಳಿ ಎಲ್ಲ ಲಗೇಜ್ ಆಟೋ ಏರಿದ ಮೇಲೆ ಆಕೆ ತಾಯಿನಾಯಿಯನ್ನೂ ತನ್ನ ಹೆಣ್ಣು ಮರಿಯನ್ನೂ ಎತ್ತಿ ಒಳಗೆ ಕೂರಿಸಿದಳು. "ಬಿಟ್ ಹೋಗಾಕ ಆಕ್ಕೇತೇನ್ರಿ ಅಕ್ಕಾರ?" ಎಂದಳು. ಊರಾಚೆಯ ಇನ್ನೊಂದು ಸೈಟಿಗೆ ಹೋದರು. ಸ್ವಂತ ಮನೆ ಇಲ್ಲದವಳು ನಾಯಿಗಳನ್ನು ಬಿಡಲಿಲ್ಲ.

ಹೆಣ್ಣು ಮರಿ ಬೇಡವೆನ್ನುವವರು ಹೇಳುವ ಕಾರಣ ಒಂದೇ: ವರ್ಷ ವರ್ಷ ಮರಿ ಹಾಕುತ್ತದೆ. ಅದಕ್ಕೆ ಸಂತಾನಹರಣದ ಶಸ್ತ್ರಚಿಕಿತ್ಸೆ ಇದೆ. ಆರು ತಿಂಗಳು ದಾಟಿದ ಮೇಲೆ ವೈದ್ಯರು ಹೇಳಿದ ಹೊತ್ತಿಗೆ ಕಾಳಿಗೂ ಮಾಡಿಸಿದೆವು. ಕೆಲವು ದಿನ ಹೊಲಿಗೆ ನೆಕ್ಕದ ಹಾಗೆ ಕಾದದ್ದು ಬಿಟ್ಟರೆ ಬೇರೆ ತೊಂದರೆಯಾಗಲಿಲ್ಲ.

ಕಾರ್ತಿಕ ಕಳೆಯಿತು. ಪುಷ್ಯ ಬರುವ ಹೊತ್ತಿಗೆ ನಿಮ್ಮ ಬೀದಿಯಲ್ಲೂ ಯಾವುದಾದರೂ ಮರಳ ಗುಡ್ಡೆಯ ಪಕ್ಕದಲ್ಲೋ, ನಿಂತ ಲಾರಿಯ ಅಡಿಯಲ್ಲೋ ಮರಿಗಳು ಹುಟ್ಟಿರುತ್ತವೆ. ಗಂಡು ಮರಿಗಳನ್ನು ಯಾರಾದರೂ ಒಯ್ಯುತ್ತಾರೆ. ನೀವು ಒಂದು ಹೆಣ್ಣು ಮರಿಯನ್ನು ತನ್ನಿ. ಎಂಟು ವಾರ ತಾಯಿಯ ಹತ್ತಿರ ಬಿಡಿ, ಅಷ್ಟು ದಿನ ಆ ತಾಯಿಗೆ ಊಟ ಹಾಕಿ. ತರುವಾಗ ಅದು ಮಲಗಿದ್ದ ಗೋಣಿಯನ್ನೂ ಕೇಳಿ ತನ್ನಿ.